ನಕಾಶೆಯ ಕೆಂಪು–ನೀಲಿ ಅಮೆರಿಕವನ್ನು ಒಡೆಯಿತೇ?

ಭಟ್, ಬಿಜೈ: ಅಮೆರಿಕದಲ್ಲಿ ರಿಪಬ್ಲಿಕನ್ ಪಕ್ಷ ಗೆಲ್ಲುವ ರಾಜ್ಯವನ್ನು ಕೆಂಪು, ಡೆಮಾಕ್ರಟಿಕ್ ಪಕ್ಷ ಗೆಲ್ಲುವ ರಾಜ್ಯವನ್ನು ನೀಲಿ ಎಂದು ಕರೆಯುವ ರೂಢಿ ಜನರನ್ನು ಇನ್ನಷ್ಟು ದೂರ ಮಾಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಅವರಿಗೆ ಕೆಂಪು ರಾಜ್ಯವಾದ ಟೆಕ್ಸಸ್‌ಗಿಂತಲೂ ಹೆಚ್ಚು ಮತ ಬಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ, 60 ಲಕ್ಷಕ್ಕೂ ಮೇಲೆ. ಆದರೆ ನಕಾಶೆಯಲ್ಲಿ ಆ ರಾಜ್ಯ ಪೂರ್ತಿ ನೀಲಿ, ಅಷ್ಟು ಮಂದಿ ಅಲ್ಲಿದ್ದಾರೆಂಬುದೇ ಕಾಣುವುದಿಲ್ಲ. 2000ದವರೆಗೆ ಈ ಬಣ್ಣಗಳೇ ಇರಲಿಲ್ಲ.

ಸುವರ್ಣ, ಮಲ್ಪೆ: “ಬಣ್ಣಗಳೇ ಇರಲಿಲ್ಲ” ಎಂಬುದು ಶುದ್ಧ ತಪ್ಪು ಭಟ್ಟರೇ. 1976ರ ಅಧ್ಯಕ್ಷೀಯ ಚುನಾವಣೆಯಲ್ಲೇ ಎನ್‌ಬಿಸಿ ವಾಹಿನಿ ಸ್ಟುಡಿಯೋದಲ್ಲಿ ದೊಡ್ಡ ನಕಾಶೆ ನಿಲ್ಲಿಸಿ, ಕಾರ್ಟರ್ ಗೆದ್ದ ರಾಜ್ಯಗಳಿಗೆ ಕೆಂಪು, ಫೋರ್ಡ್ ಗೆದ್ದವಕ್ಕೆ ನೀಲಿ ದೀಪ ಬೆಳಗಿಸಿತ್ತು.

ಭಟ್, ಬಿಜೈ: ನನ್ನ ವಾದವನ್ನು ನೀವೇ ಗಟ್ಟಿ ಮಾಡಿದಿರಿ. ಡೆಮಾಕ್ರಟಿಕ್ ಪಕ್ಷದ ಕಾರ್ಟರ್ ಅವರಿಗೆ ಅಂದು ಕೆಂಪು, ಆ ಪಕ್ಷಕ್ಕೆ ಇಂದು ನೀಲಿ. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾದ ಮತ ಎಣಿಕೆಯ ವ್ಯಾಜ್ಯ, ಕೊನೆಗೆ 537 ಮತಗಳ ಅಂತರದಲ್ಲಿ ಮುಗಿದದ್ದು, ಸುಪ್ರೀಂ ಕೋರ್ಟಿಗೆ ಹೋಗಿ ಐದು ವಾರ ಎಳೆದಾಗ ವಾಹಿನಿಗಳೆಲ್ಲ ಆಯಾ ಪಕ್ಷಕ್ಕೆ ಒಂದೇ ಬಣ್ಣ ಬಳಸಿ ನಕಾಶೆ ತೋರಿಸಿದ್ದರಿಂದಲೇ ಈ ಗುರುತು ಅಂಟಿಕೊಂಡಿತು.

ಸುವರ್ಣ, ಮಲ್ಪೆ: ನಾನು ಕೇಳಿದ್ದು ಒಂದೇ. 1976ರಲ್ಲಿ ಬಣ್ಣ ಇತ್ತೋ, ಇಲ್ಲವೋ?

ಶೆಟ್ಟಿ, ಕಾಪು: ಇಸವಿಯ ಜಗಳ ಸಾಕು. ಬ್ರಿಟನ್ನಿನಲ್ಲಿ ಲೇಬರ್ ಕೆಂಪು, ಕನ್ಸರ್ವೇಟಿವ್ ನೀಲಿ; ಅದರಿಂದ ಆ ದೇಶ ಒಡೆಯಲಿಲ್ಲ. ಅಮೆರಿಕದ ಬಿರುಕಿಗೆ ಮೂಲ, ವರ್ಣಭೇದವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಬಳಿಕ ದಕ್ಷಿಣದ ಬಿಳಿಯ ಮತದಾರರು ಕ್ರಮೇಣ ಡೆಮಾಕ್ರಟಿಕ್ ಪಕ್ಷವನ್ನು ತೊರೆದದ್ದು.

ಡಿಸೋಜ, ಹಂಪನಕಟ್ಟೆ: ಬ್ರಿಟನ್ನಿನ ಉದಾಹರಣೆ ಇಲ್ಲಿ ಹೊಂದುವುದಿಲ್ಲ ಶೆಟ್ರೇ. ಅಲ್ಲಿ ಬಣ್ಣ ಪಕ್ಷದ್ದು, ಅಮೆರಿಕದಲ್ಲಿ ಅದನ್ನು ಊರಿಗೇ ಬಳಿದಿದ್ದಾರೆ. ನಮ್ಮ ದಕ್ಷಿಣ ಕನ್ನಡವನ್ನೇ ನೋಡಿ: ಎಂಟು ಕ್ಷೇತ್ರಗಳಲ್ಲಿ 2013ರಲ್ಲಿ ಏಳು ಕಾಂಗ್ರೆಸ್ಸಿಗೆ, 2018ರಲ್ಲಿ ಏಳು ಬಿಜೆಪಿಗೆ. ಅದೇ ಜನ, ಅದೇ ಮನೆಗಳು. ಆದರೂ ಇಡೀ ಕರಾವಳಿಗೆ ಕೇಸರಿ ಕೋಟೆ ಎಂಬ ಹೆಸರು ಬಿದ್ದಿದೆ, ಇನ್ನೊಂದು ಪಕ್ಷಕ್ಕೆ ಮತ ಹಾಕಿದ ನನ್ನಂಥವರು ಲೆಕ್ಕಕ್ಕೇ ಇಲ್ಲ. ಇದು ನೋಯಿಸುತ್ತದೆ.

ಸುವರ್ಣ, ಮಲ್ಪೆ: “ಅದೇ ಜನ” ಎಂದಿರಿ. ಮತ ಬದಲಿಸಿದವರೂ ಅದೇ ಜನ ತಾನೇ? ಅವರನ್ನು ಯಾವ ಬಣ್ಣವೂ ತಡೆಯಲಿಲ್ಲ. ಭಟ್ಟರು ಇನ್ನೂ ಉತ್ತರ ಕೊಟ್ಟಿಲ್ಲ.

ಭಟ್, ಬಿಜೈ: ಪ್ರತಿ ಪಕ್ಷಕ್ಕೂ ಎಲ್ಲರೂ ಒಪ್ಪಿದ ಒಂದೇ ಬಣ್ಣ 2000ದವರೆಗೆ ಇರಲಿಲ್ಲ ಎಂಬುದೇ ನನ್ನ ಮಾತಿನ ಅರ್ಥ. ಒಂದು ಪದವನ್ನು ಹಿಡಿದು ಜಗ್ಗುವುದು ಚರ್ಚೆಯಲ್ಲ.

ಸುವರ್ಣ, ಮಲ್ಪೆ: ಹಾಗಿದ್ದರೆ ಮೊದಲೇ ಹಾಗೆ ಬರೆಯಬೇಕಿತ್ತು. 1980ರಲ್ಲಿ ರಿಪಬ್ಲಿಕನ್ ಪಕ್ಷದ ರೇಗನ್ 44 ರಾಜ್ಯಗಳನ್ನು ಗೆದ್ದಾಗ ಎನ್‌ಬಿಸಿಯ ನಕಾಶೆ ಹೆಚ್ಚುಕಡಿಮೆ ಪೂರ್ತಿ ನೀಲಿಯಾಗಿತ್ತು. ಬಣ್ಣಕ್ಕೆ ದೇಶ ಒಡೆಯುವ ಶಕ್ತಿಯಿದ್ದರೆ, ಆ ವರ್ಷ ಅದು ದೇಶವನ್ನು ಒಗ್ಗೂಡಿಸಲಿಲ್ಲ ಏಕೆ?