ಬಸ್ ಮಾರ್ಗ ಬದಲಾವಣೆ: ಸಭೆಗೆ ಬಾರದವರನ್ನು ಕೇಳುವುದು ಹೇಗೆ?

ಕೂಡುರಸ್ತೆ (ಪ್ರಶ್ನೆ)

22 ಬಸ್ ಮಾರ್ಗಗಳನ್ನು 14ಕ್ಕೆ ಇಳಿಸಿ, ಉಳಿದವುಗಳಲ್ಲಿ ಅರ್ಧ ಗಂಟೆಗೊಂದರ ಬದಲು ಕಾಲು ಗಂಟೆಗೊಂದು ಬಸ್ ಓಡಿಸುವ ಪ್ರಸ್ತಾವವಿದೆ. ಜನಾಭಿಪ್ರಾಯ ಸಂಗ್ರಹಕ್ಕೆ 10 ವಾರ ಸಮಯ, ಹೊರಗೆ ಓಡಾಡಲು 6 ಜನ. ಮಾಮೂಲಿ ಪದ್ಧತಿ ಎಂದರೆ ಎರಡು ಸಾರ್ವಜನಿಕ ಸಭೆ, ಒಂದು ಆನ್‌ಲೈನ್ ಫಾರಂ. ಎರಡರಲ್ಲೂ ಸಿಗುವವರು ಹೆಚ್ಚಾಗಿ ಓದಿದ, ನಡುವಯಸ್ಸಿನ, ಸ್ವಂತ ವಾಹನ ಇರುವ ಗಂಡಸರು. ಬಸ್ಸನ್ನೇ ನೆಚ್ಚಿಕೊಂಡ ಮನೆಗೆಲಸದವರು, ರಾತ್ರಿ ಪಾಳಿಯವರು, ವಿಕಲಚೇತನರು, ವಯಸ್ಸಾದವರು ಕಣ್ಣಿಗೇ ಬೀಳುವುದಿಲ್ಲ.

ಇವರನ್ನು ತಲುಪುವ ದಾರಿ ಯಾವುದು? ಎಷ್ಟು ಜನರನ್ನು ಕೇಳಿದರೆ ಸಾಕು? "ಸರಾಸರಿ ಪ್ರಯಾಣದ ಸಮಯ ಇಳಿಯುತ್ತದೆ" ಎಂಬ ವರದಿಯ ವಾಕ್ಯದ ಹಿಂದೆ ನಷ್ಟ ಯಾರಿಗೆ ಎಂದು ಅಂಕಿಗಳಲ್ಲಿ ತೋರಿಸುವುದು ಹೇಗೆ?

ಹೊರಸಂಚಾರಿ

ಸಭೆಯ ದಿನಾಂಕ ಆಮೇಲೆ ಗೊತ್ತುಮಾಡಿ. ರದ್ದಾಗುವ 8 ಮಾರ್ಗಗಳ ಪಟ್ಟಿ ಹಿಡಿದು ಡಿಪೊಗೆ ಹೋಗಿ, ಯಾವ ಹೊತ್ತಿಗೆ ಯಾರು ಎಲ್ಲಿ ಹತ್ತುತ್ತಾರೆ ಎಂದು ಡ್ರೈವರ್, ಕಂಡಕ್ಟರ್‌ಗಳನ್ನು ಕೇಳಿ. ಅರ್ಧ ದಿನದ ಕೆಲಸ. ಟಿಕೆಟ್ ಮೆಷಿನ್ ಎಷ್ಟು ಜನ ಎಂದು ಹೇಳೀತು, ಯಾರು ಎಂದು ಹೇಳದು.

ಆಮೇಲೆ ಸ್ಟಾಪುಗಳಲ್ಲೇ ಸರ್ವೆ. ಒಂದು ಸ್ಟಾಪಿಗೆ ಇಬ್ಬರು, ಅವರಲ್ಲಿ ಒಬ್ಬರಾದರೂ ಹೆಂಗಸು, ಇಬ್ಬರೂ ಬೇರೆ ಬೇರೆಯಾಗಿ ಕೇಳಲಿ. ಬೆಳಗಿನ ದಟ್ಟಣೆಯಲ್ಲಿ ಮಾತ್ರ ನಿಂತರೆ ಕಚೇರಿಗೆ ಹೋಗುವವರೇ ಸಿಗುತ್ತಾರೆ. 5ರಿಂದ 7, 10ರಿಂದ 12, 2ರಿಂದ 4, ರಾತ್ರಿ 8.30ರಿಂದ 10.30, ಹೀಗೆ ನಾಲ್ಕು ಹೊತ್ತು ಹಂಚಿಕೊಳ್ಳಿ. ಭಾನುವಾರ ಬಿಡಬೇಡಿ. ಪ್ರಶ್ನೆ ಆರಕ್ಕಿಂತ ಹೆಚ್ಚು ಬೇಡ, ಮೂರು ನಿಮಿಷದೊಳಗೆ ಮುಗಿಯಬೇಕು. ಬಸ್ ಬಂದರೆ ಉತ್ತರ ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ಮುಖ್ಯ ಪ್ರಶ್ನೆ ಮೊದಲೇ ಇರಲಿ.

"ಈ ಯೋಜನೆ ನಿಮಗೆ ಒಪ್ಪಿಗೆಯೇ?" ಎಂದು ಕೇಳಬೇಡಿ. ಅದಕ್ಕೆ ಬರುವ ಉತ್ತರದಿಂದ ಏನನ್ನೂ ಸರಿಪಡಿಸಲಾಗದು. "ನಿನ್ನೆ ಮನೆ ಬಿಟ್ಟ ಮೇಲೆ ಮೊದಲು ಎಲ್ಲಿಗೆ ಹೋದಿರಿ, ಅಲ್ಲಿಂದ ಎಲ್ಲಿಗೆ?" ಎಂದು ಕೇಳಿ. ಮಗುವನ್ನು ಶಾಲೆಗೆ ಬಿಟ್ಟು, ಕೆಲಸಕ್ಕೆ ಹೋಗಿ, ವಾಪಸಾಗುವಾಗ ಔಷಧಿ ತಂದದ್ದು ಆಗ ಹೊರಬರುತ್ತದೆ. "ಕೆಲಸಕ್ಕೆ ಹೇಗೆ ಹೋಗುತ್ತೀರಿ?" ಎಂಬ ಒಂದೇ ಪ್ರಶ್ನೆಗೆ ಈ ಸರಣಿ ಪೂರ್ತಿ ತಪ್ಪಿಹೋಗುತ್ತದೆ. ಮನೆಯ ಯಜಮಾನ ಎಲ್ಲರ ಪರವಾಗಿ ಉತ್ತರಿಸುವ ಸರ್ವೆಯಲ್ಲೂ ಇದೇ ಕಥೆ: ಹೆಂಡತಿ, ಮಕ್ಕಳ ಸಣ್ಣ ಓಡಾಟ ಅವನ ನೆನಪಿಗೆ ಬರುವುದಿಲ್ಲ.

ನಕ್ಷೆ ತೋರಿಸಿ "ಇಲ್ಲಿಂದ ಇಲ್ಲಿಗೆ" ಎಂದರೆ ಬಹಳಷ್ಟು ಜನ ಸುಮ್ಮನೆ ತಲೆಯಾಡಿಸುತ್ತಾರೆ. ಆಸ್ಪತ್ರೆ, ಮಾರುಕಟ್ಟೆ, ದೊಡ್ಡ ಶಾಲೆ, ಹೀಗೆ ಗುರುತಿನ ಜಾಗಗಳನ್ನು ಒಂದು ಗೆರೆಯ ಮೇಲೆ ಚಿತ್ರವಾಗಿ ಬರೆದು ತೋರಿಸಿ.

ಬಸ್ಸಿನ ಸಹವಾಸವೇ ಬೇಡ ಎಂದು ಬಿಟ್ಟವರು ಸ್ಟಾಪಿನಲ್ಲಿ ಸಿಗುವುದಿಲ್ಲ. ಅವರಿಗಾಗಿ ಆಸ್ಪತ್ರೆಯ ಹೊರರೋಗಿ ವಿಭಾಗ, ಸಂತೆ, ಕಾರ್ಖಾನೆ ಗೇಟು. ಇವಲ್ಲದೆ 8–10 ಜನರ ಸಣ್ಣ ಗುಂಪು ಮಾತುಕತೆ ಐದಾರು ಮಾಡಿ. ಅವರು ಈಗಾಗಲೇ ಸೇರುವ ಜಾಗದಲ್ಲೇ ಸೇರಿ, ಒಂದೂಕಾಲು ಗಂಟೆ ಮೀರದಂತೆ ನೋಡಿಕೊಳ್ಳಿ. ದಿನದ ದುಡಿಮೆ ಬಿಟ್ಟು ಬಂದವರಿಗೆ ಆ ಹೊತ್ತಿನ ಹಣ ಕೊಡಬೇಕು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರಿರಬೇಕು. ಇದನ್ನು ಬಜೆಟ್‌ನಲ್ಲಿ ಮೊದಲೇ ಬರೆಯದಿದ್ದರೆ ಕೊನೆಗೆ ಮೊದಲು ಕತ್ತರಿ ಬೀಳುವುದೇ ಇದಕ್ಕೆ. ಸನ್ನೆ ಭಾಷೆಯ ದುಭಾಷಿಗಳು ಇಬ್ಬರು ಬೇಕು. ಒಬ್ಬರೇ ಅಷ್ಟು ಹೊತ್ತು ಮಾಡಿದರೆ ಕೈಯೂ ಮನಸ್ಸೂ ದಣಿದು ಮಾತು ತಪ್ಪುತ್ತದೆ.

ಇನ್ನೊಂದು: "ನಮ್ಮ ಜನರ ಪರವಾಗಿ ನಾನೇ ಹೇಳ್ತೀನಿ" ಎನ್ನುವ ಮುಖಂಡರು ಎಲ್ಲ ಕಡೆ ಇರುತ್ತಾರೆ. ಅವರನ್ನು ಭೇಟಿ ಮಾಡಿ, ಪರಿಚಯ ಮಾಡಿಸಿಕೊಳ್ಳಿ. ಅವರ ಮಾತನ್ನೇ ಅಭಿಪ್ರಾಯ ಎಂದು ದಾಖಲಿಸಬೇಡಿ.

ಲೆಕ್ಕದಬುಕ್ಕು

ಎರಡನೇ ಪ್ರಶ್ನೆಗೆ. ಒಟ್ಟು ಪ್ರಯಾಣಿಕರ ಬಗ್ಗೆ ಶೇ 95 ವಿಶ್ವಾಸ ಮಟ್ಟದಲ್ಲಿ (ಇಂಥ 100 ಸರ್ವೆ ಮಾಡಿದರೆ ಸುಮಾರು 95ರಲ್ಲಿ ಉತ್ತರ ಹೇಳಿದ ಮಿತಿಯೊಳಗೇ ಇರುವಂತೆ), ಶೇ 5 ಆಚೀಚೆಯೊಳಗೆ ಹೇಳಲು ಸುಮಾರು 385 ಜನ ಸಾಕು. ಎಡವುವುದೂ ಇಲ್ಲೇ. ನಿಮಗೆ ಬೇಕಿರುವುದು ಪ್ರತಿ ಗುಂಪಿನ ಉತ್ತರ. ಒಂದು ಗುಂಪಿನ ಬಗ್ಗೆ ಶೇ 10 ಆಚೀಚೆಯೊಳಗೆ ಹೇಳಬೇಕಾದರೂ ಆ ಗುಂಪಿನವರೇ ಸುಮಾರು 100 ಜನ ಬೇಕು. ಪ್ರಯಾಣಿಕರಲ್ಲಿ ವಿಕಲಚೇತನರು ಶೇ 4 ಇದ್ದಾರೆ ಎಂದಿಟ್ಟುಕೊಳ್ಳಿ. ಸಿಕ್ಕಸಿಕ್ಕವರನ್ನು ಕೇಳುತ್ತಾ ಹೋದರೆ ಅವರಲ್ಲಿ 100 ಜನ ಸಿಗಲು 2,500 ಜನರನ್ನು ಮಾತನಾಡಿಸಬೇಕು. ಆದ್ದರಿಂದ ಚಿಕ್ಕ ಗುಂಪುಗಳಿಗೆ ಪ್ರತ್ಯೇಕ ಕೋಟಾ ಇಟ್ಟು ಬೇಕೆಂದೇ ಹೆಚ್ಚು ಜನರನ್ನು ಕೇಳಿ, ಒಟ್ಟು ಲೆಕ್ಕ ಹಾಕುವಾಗ ತೂಕ ಕೊಟ್ಟು ಸರಿದೂಗಿಸಿ. ತೂಕ ಎಂದರೆ ನಿಜವಾದ ಪಾಲನ್ನು ಸರ್ವೆಯಲ್ಲಿನ ಪಾಲಿನಿಂದ ಭಾಗಿಸಿದ್ದು. ಹೆಂಗಸರು ನಿಜದಲ್ಲಿ ಶೇ 45, ಸರ್ವೆಯಲ್ಲಿ ಶೇ 30 ಇದ್ದರೆ ಒಬ್ಬೊಬ್ಬರ ತೂಕ 1.5. ಯಾವುದಾದರೂ ಗುಂಪಿನ ತೂಕ 4 ದಾಟಿತೆಂದರೆ ಲೆಕ್ಕಾಚಾರ ನಿಲ್ಲಿಸಿ, ಮತ್ತೆ ಹೊರಗೆ ಹೋಗಿ ಅವರನ್ನು ಕೇಳಿ ಬನ್ನಿ. ಆನ್‌ಲೈನ್ ಫಾರಂನ ಉತ್ತರಗಳನ್ನು ಇದರೊಳಗೆ ಬೆರೆಸಬೇಡಿ, ಬೇರೆ ಅಂಕಣದಲ್ಲಿಡಿ.

ಒಬ್ಬರು ಗಂಟೆಗೆ 8–10 ಫಾರಂ ತುಂಬಬಹುದು. 6 ಜನ, ದಿನಕ್ಕೆ 4 ಗಂಟೆ ಎಂದರೆ 200ರ ಆಸುಪಾಸು. 1,000 ಫಾರಂಗೆ ಐದು ದಿನ, ತಪ್ಪಿದ್ದನ್ನು ತಿದ್ದಿಕೊಳ್ಳಲು ಇನ್ನೊಂದು ವಾರ.

ಮೂರನೆಯದಕ್ಕೆ: ಸರಾಸರಿ ಪ್ರಯಾಣದ ಸಮಯವನ್ನು ಬದಿಗಿಡಿ. ಪ್ರತಿ ಬಡಾವಣೆಯಿಂದ 45 ನಿಮಿಷದೊಳಗೆ ಎಷ್ಟು ಉದ್ಯೋಗ, ಎಷ್ಟು ಆಸ್ಪತ್ರೆ, ಎಷ್ಟು ಮಾರುಕಟ್ಟೆ ತಲುಪಬಹುದು ಎಂದು ಈಗಿನ ಮತ್ತು ಮುಂದಿನ ವೇಳಾಪಟ್ಟಿ ಎರಡಕ್ಕೂ ಲೆಕ್ಕ ಹಾಕಿ. ಹೊರಡುವ ಹೊತ್ತು ಒಂದೇ ಇದ್ದರೆ ಫಲಿತಾಂಶ ಮೋಸ ಮಾಡುತ್ತದೆ. 8.00ಕ್ಕೆ ಹೊರಟವನಿಗೆ 8.02ರ ಬಸ್ ಸಿಗುತ್ತದೆ, 8.03ಕ್ಕೆ ಹೊರಟವನಿಗೆ ತಪ್ಪುತ್ತದೆ. ಎರಡು ಗಂಟೆಯ ಅವಧಿಯಲ್ಲಿ ಐದೈದು ನಿಮಿಷಕ್ಕೊಮ್ಮೆ ಲೆಕ್ಕ ಹಾಕಿ, ಬಂದ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ. ರಾತ್ರಿ 10ಕ್ಕೂ ಭಾನುವಾರಕ್ಕೂ ಬೇರೆಯಾಗಿ ಮಾಡಿ. ಆಮೇಲೆ ಬಡಾವಣೆಗಳನ್ನು ಆದಾಯದ ಪ್ರಕಾರ ಐದು ಪಾಲು ಮಾಡಿ, ಕೆಳಗಿನ ಪಾಲಿನಲ್ಲಿ ಗಳಿಸಿದವರೆಷ್ಟು, ಕಳೆದುಕೊಂಡವರೆಷ್ಟು ಎಂದು ಬರೆಯಿರಿ. ಒಬ್ಬರ ಲಾಭವನ್ನೂ ಇನ್ನೊಬ್ಬರ ನಷ್ಟವನ್ನೂ ಕೂಡಿಸಿ ನಿವ್ವಳ ಕೊಡಬಾರದು. ಎರಡೂ ಅಂಕಿ ಅಕ್ಕಪಕ್ಕ ಇರಲಿ.

ಮೆಟ್ಟಿಲಿಲ್ಲದವ

ಲೆಕ್ಕದಬುಕ್ಕು ಸರ್ ಹೇಳಿದ್ದು ಸರಿ. ಆದರೆ ಆ ಲೆಕ್ಕದೊಳಗೆ ಕೂತಿರುವ ನಡಿಗೆಯ ವೇಗವನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಸಾಮಾನ್ಯವಾಗಿ ಅದು ಸೆಕೆಂಡಿಗೆ 1.2 ಮೀಟರ್ ಆಸುಪಾಸು. ವಯಸ್ಸಾದ ಬಹಳಷ್ಟು ಜನರಿಗೆ 0.8 ಆದರೆ ಹೆಚ್ಚು.

ಇದೇ ಯೋಜನೆಗೆ ಹಚ್ಚಿ ನೋಡಿ. ಅರ್ಧ ಗಂಟೆಯ ಬಸ್ ಕಾಲು ಗಂಟೆಗೆ ಬಂದರೆ ಸರಾಸರಿ ಕಾಯುವಿಕೆ 15ರಿಂದ 7.5 ನಿಮಿಷಕ್ಕೆ ಇಳಿಯುತ್ತದೆ, ಉಳಿತಾಯ 7.5. ಮಾರ್ಗ ರದ್ದಾದ ಕಾರಣ ಸ್ಟಾಪ್ 300 ಮೀಟರ್ ದೂರ ಹೋಯಿತು ಅನ್ನಿ. 1.2ರ ವೇಗದಲ್ಲಿ ಅದು 4 ನಿಮಿಷ 10 ಸೆಕೆಂಡ್, 0.8ರಲ್ಲಿ 6 ನಿಮಿಷ 15 ಸೆಕೆಂಡ್. ಅಜ್ಜಿಯ ಪಾಲಿಗೆ ಉಳಿದದ್ದು ಒಂದೂಕಾಲು ನಿಮಿಷ. ಜೊತೆಗೆ ಒಂದು ಬಸ್ ಬದಲಾಯಿಸಬೇಕಾಗಿ ಬಂದರೆ ಅದೂ ಇಲ್ಲ. ಇನ್ನೊಂದು ಸೂಕ್ಷ್ಮ: ಅರ್ಧ ಗಂಟೆಗೊಂದು ಬಸ್ ಇರುವ ಕಡೆ ದಿನಾ ಓಡಾಡುವವರು ಯಾರೂ 15 ನಿಮಿಷ ಕಾಯುವುದಿಲ್ಲ. ಹೊತ್ತು ನೋಡಿಕೊಂಡೇ ಬರುತ್ತಾರೆ. ಅಂದರೆ ವರದಿಯ 7.5 ನಿಮಿಷದ ಉಳಿತಾಯ ಅವರ ಮಟ್ಟಿಗೆ ಕಾಗದದ ಮೇಲಿನದು.

ಸ್ಟಾಪ್ ಸುತ್ತ 400 ಮೀಟರ್ ವೃತ್ತ ಎಳೆದು "ಇಷ್ಟು ಜನರಿಗೆ ಸೇವೆ" ಎನ್ನುವುದನ್ನೂ ಬಿಡಿ. ಕಾಂಪೌಂಡ್, ಚರಂಡಿ, ದೊಡ್ಡ ರಸ್ತೆ ಸುತ್ತಿಕೊಂಡು ಬಂದರೆ ಅದೇ 400 ಮೀಟರ್ 550 ಆಗುವುದು ಮಾಮೂಲು. ನಿಜವಾದ ದಾರಿಯ ಮೇಲೆ ಅಳೆಯಿರಿ.

ಬದಲಾಗುವ ಪ್ರತಿ ಸ್ಟಾಪಿಗೆ ಒಂದು ನಡಿಗೆ ತಪಾಸಣೆ ಮಾಡಿ. ಸುಮಾರು ಒಂದು ಕಿಲೋಮೀಟರ್, ಹಗಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಜೊತೆಗೆ ವೀಲ್‌ಚೇರ್ ಬಳಸುವವರು, ಬಿಳಿಕೋಲು ಹಿಡಿದವರು, ತಳ್ಳುಗಾಡಿಯಲ್ಲಿ ಮಗು ಇರುವವರು ಇರಲಿ. ಟೇಪು, ಇಳಿಜಾರು ಅಳೆಯುವ ಆ್ಯಪ್, ಸ್ಟಾಪ್‌ವಾಚ್ ಇದ್ದರೆ ಸಾಕು. ನೋಡಬೇಕಾದ್ದು: ಅತಿ ಇಕ್ಕಟ್ಟಾದ ಜಾಗದಲ್ಲೂ ಫುಟ್‌ಪಾತ್ 90 ಸೆಂಟಿಮೀಟರ್ ಖಾಲಿ ಇದೆಯೇ (ಎರಡು ವೀಲ್‌ಚೇರ್ ಎದುರುಬದುರಾಗಲು 1.8 ಮೀಟರ್), ರ‍್ಯಾಂಪ್ 1:12ಕ್ಕಿಂತ ಕಡಿದಾಗಿದೆಯೇ, ಸ್ಟಾಪಿನಲ್ಲಿ ತಿರುಗಲು 1.5 ಮೀಟರ್ ಜಾಗ ಇದೆಯೇ. 15 ಸೆಂಟಿಮೀಟರ್ ಎತ್ತರದ ಕಲ್ಲಂಚಿಗೆ 1:12ರಲ್ಲಿ 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು. ಅಷ್ಟು ಜಾಗ ಇಲ್ಲವೆಂದು ಅರ್ಧದಲ್ಲೇ ಮುಗಿಸಿದ ರ‍್ಯಾಂಪ್‌ನಲ್ಲಿ ವೀಲ್‌ಚೇರ್ ಹಿಂದಕ್ಕೆ ಮಗುಚುತ್ತದೆ. 14 ಮೀಟರ್ ರಸ್ತೆ ದಾಟಲು 0.8ರ ವೇಗಕ್ಕೆ 17.5 ಸೆಕೆಂಡ್ ಬೇಕು. ಸಿಗ್ನಲ್ 12 ಕೊಡುತ್ತಿದ್ದರೆ ಎದುರಿನ ಸ್ಟಾಪ್ ಅವರ ಪಾಲಿಗೆ ಇಲ್ಲ.

ಕಣ್ಣು ಕಾಣದವರಿಗೆ ಕಾಲು, ಕೋಲಿನ ಸ್ಪರ್ಶದಿಂದ ದಾರಿ ತಿಳಿಸುವ ನೆಲದ ಉಬ್ಬುಪಟ್ಟಿ ಹೊಸ ವಿದ್ಯೆಯೇನಲ್ಲ, ಜಪಾನಿನ ಓಕಾಯಾಮದಲ್ಲಿ 1967ರಲ್ಲೇ ಹಾಕಿದ್ದರು. ಆದರೂ ಅದು ನೇರ ಹೋಗಿ ಕಂಬಕ್ಕೆ ಮುಟ್ಟುವುದು ಇವತ್ತಿಗೂ ತಪ್ಪಿಲ್ಲ. ಕಣ್ಣು ಕಾಣದವರನ್ನು ಕೇಳದೆ ಹಾಕಿದರೆ ಹಾಗೇ ಆಗುವುದು.

ಕೂಡುರಸ್ತೆ

ತುಂಬ ಉಪಯೋಗವಾಯಿತು. ಒಂದು ತೊಡಕು: 14 ಮಾರ್ಗ ಎಂಬುದು ಮೇಲಿನ ಮಟ್ಟದಲ್ಲಿ ತೀರ್ಮಾನವಾಗಿಬಿಟ್ಟಿದೆ. ಸ್ಟಾಪುಗಳ ಜಾಗ, ಮೊದಲ ಮತ್ತು ಕೊನೆಯ ಬಸ್ಸಿನ ಸಮಯ, ಬದಲಾಯಿಸುವಾಗಿನ ಟಿಕೆಟ್ ಇವಷ್ಟೇ ಕೈಯಲ್ಲಿರುವುದು. ಆಗಲೂ ಕೇಳಬೇಕೇ?

ಹೊರಸಂಚಾರಿ

ಕೇಳಬೇಕು, ಆದರೆ ಮೊದಲ ವಾಕ್ಯದಲ್ಲೇ ಅದನ್ನು ಹೇಳಿಬಿಡಬೇಕು: "ಮಾರ್ಗಗಳ ಸಂಖ್ಯೆ ನಿಗದಿಯಾಗಿದೆ. ಈ ಮೂರು ವಿಷಯ ಬದಲಾಯಿಸಬಹುದು." ಅಮೆರಿಕದ ನೀತಿ ವಿಶ್ಲೇಷಕಿ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ವಿಂಗಡಿಸಿದರು. ನೀವು ಇರುವುದು ನಡುವಿನ ಮೆಟ್ಟಿಲಿನಲ್ಲಿ, ಅಭಿಪ್ರಾಯ ಕೇಳುವ ಹಂತದಲ್ಲಿ. ಮೇಲಿನ ಮೆಟ್ಟಿಲಲ್ಲಿದ್ದೇವೆ ಎಂದು ತೋರಿಸಿಕೊಂಡರೆ ಮುಂದಿನ ಸಲ ಬಾಗಿಲು ತೆಗೆಯುವವರಿರುವುದಿಲ್ಲ.

ಆ ಮೂರರಲ್ಲಿ ಟಿಕೆಟ್ಟಿಗೇ ಜಾಸ್ತಿ ಜೋರು ಹಾಕಿ. ನೇರ ಬಸ್ ಹೋಗಿ ಎರಡು ಬಸ್ ಹಿಡಿಯಬೇಕಾದವರು ಎರಡು ಟಿಕೆಟ್ ಕೊಳ್ಳಬೇಕಾದರೆ ಆ ಬಡಾವಣೆಯ ಪಾಲಿಗೆ ಇದು ದರ ಏರಿಕೆಯೇ. ಒಂದೇ ಟಿಕೆಟ್ಟಿನಲ್ಲಿ 90 ನಿಮಿಷ ಬಸ್ ಬದಲಾಯಿಸುವ ಅವಕಾಶ ಕೇಳಿ. 60 ನಿಮಿಷ ಎಂದು ಇಟ್ಟರೆ ಒಂದು ಬಸ್ ತಪ್ಪಿದವರಿಗೆ, ನಡುವೆ ಔಷಧಿಗೆ ಇಳಿದವರಿಗೆ ಅವಧಿ ಮುಗಿದಿರುತ್ತದೆ.

ಸರ್ವೆ ಮುಗಿದ ಮೇಲೆ ನಾಲ್ಕು ಅಂಕಣದ ಪಟ್ಟಿ ಮಾಡಿ: ಏನು ಕೇಳಿದರು, ಯಾವ ಗುಂಪು, ಏನು ತೀರ್ಮಾನ, ಕಾರಣ. "ಆಗುವುದಿಲ್ಲ" ಎಂದು ಬರೆದ ಸಾಲಿಗೂ ಕಾರಣ ಇರಲಿ. "ಪರಿಶೀಲಿಸಲಾಗುವುದು" ಎಂಬ ಪದ ಎಲ್ಲೂ ಬೇಡ. ಹೆಸರು, ಫೋನ್ ನಂಬರ್ ಆ ಪಟ್ಟಿಯಲ್ಲಿ ಹಾಕಬೇಡಿ. ಸರ್ವೆ ಮುಗಿದ ಆರು ವಾರದೊಳಗೆ ಅದನ್ನು ಅದೇ ಸ್ಟಾಪುಗಳಲ್ಲಿ, ಅದೇ ಗೇಟುಗಳಲ್ಲಿ ದೊಡ್ಡ ಅಕ್ಷರದಲ್ಲಿ ಅಂಟಿಸಿ. ಓದಲಾಗದವರಿಗೆ ಬಸ್ಸಿನೊಳಗೆ ಧ್ವನಿಮುದ್ರಣ ಹಾಕಿಸಿ. ಹೊಸ ಮಾರ್ಗ ಶುರುವಾದ ಮೂರನೇ ತಿಂಗಳಿಗೆ ಅದೇ ಆರು ಪ್ರಶ್ನೆ ಹಿಡಿದು ಅದೇ ನಾಲ್ಕು ಹೊತ್ತಿಗೆ ಮತ್ತೆ ನಿಲ್ಲಬೇಕಾಗುತ್ತದೆ. ಆ ಖರ್ಚನ್ನು ಈಗಲೇ ಮಂಜೂರು ಮಾಡಿಸಿಕೊಳ್ಳಿ, ಆಮೇಲೆ ಕೇಳಿದರೆ ಕೊಡುವುದಿಲ್ಲ.