ಬಾವಲಿಗಳಲ್ಲಿ ರೇಬಿಸ್ ಇದೆಯೇ? ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶ್ರೀರಂಗಪಟ್ಟಣದ ಬಳಿಯ ರೈತರು): ರಂಗನತಿಟ್ಟಿನ ಕಡೆಯಿಂದ ಸಂಜೆ ಹೊತ್ತು ದೊಡ್ಡ ಬಾವಲಿಗಳು ನಮ್ಮ ಸಪೋಟ ತೋಟಕ್ಕೆ ಬರುತ್ತವೆ. ಮೊನ್ನೆ ಬೇಲಿಯ ಬಳಿ ಒಂದು ಸತ್ತು ಬಿದ್ದಿತ್ತು. ಇವುಗಳಿಂದ ಹುಚ್ಚುನಾಯಿ ರೋಗ ಹರಡುತ್ತದೆ, ಅವು ನೇತಾಡುವ ಆಲದ ಮರವನ್ನೇ ಕಡಿಸಬೇಕು ಎಂದು ಊರಿನಲ್ಲಿ ಕೆಲವರು ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ (ಪಶುವೈದ್ಯರು, ಮಂಡ್ಯ): ದಯವಿಟ್ಟು ಮರ ಕಡಿಸಬೇಡಿ. ನಾಯಿಯಿಂದ ಹರಡುವ ರೇಬಿಸ್ ವೈರಾಣು ಬಾವಲಿಗಳಲ್ಲಿ ನೆಲೆಯೂರಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಏಷ್ಯಾ, ಆಫ್ರಿಕಾ, ಯುರೋಪ್ ಮತ್ತು ಆಸ್ಟ್ರೇಲಿಯದ ಬಾವಲಿಗಳಲ್ಲಿ ಕಂಡುಬಂದಿರುವುದು ಅದೇ ಕುಲದ, ಲಿಸ್ಸಾವೈರಸ್ ಎಂದು ಕರೆಯುವ ಬೇರೆ ವೈರಾಣುಗಳು. ನಮ್ಮ ದೇಶದಲ್ಲಿ ಮನುಷ್ಯರಿಗೆ ತಗಲುವ ರೇಬಿಸ್ ಬಹುಮಟ್ಟಿಗೆ ನಾಯಿ ಕಡಿತದಿಂದಲೇ ಬರುತ್ತದೆ.

ಹಾಗೆಂದು ಈ ವಿಷಯವನ್ನು ಕಡೆಗಣಿಸುವಂತಿಲ್ಲ. 2014-15ರಲ್ಲಿ ಶ್ರೀಲಂಕಾದಲ್ಲಿ ಸಂಗ್ರಹಿಸಿದ, ನಿಮ್ಮ ತೋಟಕ್ಕೆ ಬರುವ ಜಾತಿಯದೇ ಆದ ನಾಲ್ಕು ಬಾವಲಿಗಳ ಮೆದುಳಿನಲ್ಲಿ ಗನ್ನೋರುವ ಎಂಬ ಹೊಸ ಲಿಸ್ಸಾವೈರಸ್ ಪತ್ತೆಯಾಯಿತು. ಆದ್ದರಿಂದ ನಮ್ಮಲ್ಲಿಯೂ ನಿಗಾ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಆ ನಿಗಾ ಆರಂಭವಾಗಬೇಕಾದದ್ದು ನಿಮ್ಮ ಬೇಲಿಯ ಬಳಿ ಬಿದ್ದಿದ್ದಂಥ ಬಾವಲಿಯಿಂದಲೇ. ಇನ್ನು ಮುಂದೆ ಸತ್ತ ಅಥವಾ ಹಾರಲಾರದೆ ನೆಲದಲ್ಲಿ ತೆವಳುವ ಬಾವಲಿ ಕಂಡರೆ ಬರಿಗೈಯಲ್ಲಿ ಮುಟ್ಟದೆ, ಮಕ್ಕಳನ್ನೂ ನಾಯಿಗಳನ್ನೂ ದೂರವಿಟ್ಟು, ಅರಣ್ಯ ಇಲಾಖೆಗೆ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಪರೀಕ್ಷೆಗೆ ಬೇಕಾಗುವುದು ಮೆದುಳಾದ್ದರಿಂದ ಅದರ ತಲೆಯನ್ನು ಜಜ್ಜಬಾರದು.

ಪ್ರಶ್ನೆ (ಮೈಸೂರಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ): ಜೀವಂತ ಬಾವಲಿಗಳನ್ನು ಬಲೆಯಲ್ಲಿ ಹಿಡಿದು ರಕ್ತ ಪರೀಕ್ಷಿಸಿದರೆ ಸಾಲದೇ, ಸತ್ತವುಗಳಿಗಾಗಿ ಏಕೆ ಕಾಯಬೇಕು?

ಉತ್ತರ: ಎರಡರಿಂದಲೂ ತಿಳಿಯುವ ಸಂಗತಿ ಬೇರೆ ಬೇರೆ. ರಕ್ತದಲ್ಲಿ ಪ್ರತಿಕಾಯ (ವೈರಾಣುವಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನ್) ಸಿಕ್ಕರೆ ಆ ಬಾವಲಿಗೆ ಹಿಂದೆಂದೋ ವೈರಾಣುವಿನ ಸಂಪರ್ಕವಾಗಿತ್ತು ಎಂದಷ್ಟೇ ಅರ್ಥ. ಅದು ಈಗ ಸೋಂಕು ಹರಡುತ್ತಿದೆ ಎಂದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ವಿಜ್ಞಾನಿಗಳು ನಾಗಾಲ್ಯಾಂಡಿನ ಬಾವಲಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಬಾವಲಿಗಳಲ್ಲಿ ಪ್ರತಿಕಾಯಗಳು ದೊರೆತವು, ಆದರೆ ಯಾವುದರ ಮೆದುಳಿನಲ್ಲಿಯೂ ವೈರಾಣು ಸಿಗಲಿಲ್ಲ. ಆರೋಗ್ಯವಾಗಿ ಹಾರಾಡುವ ಬಾವಲಿಗಳಲ್ಲಿ ವೈರಾಣು ಸಿಗುವುದು ಬಹಳ ಅಪರೂಪ. ಕಾಯಿಲೆ ಬಿದ್ದವುಗಳಲ್ಲಿ ಅದು ಸಿಗುವ ಸಾಧ್ಯತೆ ಹೆಚ್ಚಾದ್ದರಿಂದಲೇ ಬ್ರಿಟನ್ನಿನಲ್ಲಿ ಸಾರ್ವಜನಿಕರು ಒಪ್ಪಿಸುವ ಸತ್ತ ಬಾವಲಿಗಳ ಮೆದುಳನ್ನು ವರ್ಷವಿಡೀ ಪರೀಕ್ಷಿಸುತ್ತಾರೆ. ಹೊಳೆಯುವ ಬಣ್ಣ ಕೂಡಿಸಿದ ಪ್ರತಿಕಾಯಗಳಿಂದ ಮೆದುಳಿನಲ್ಲಿರುವ ವೈರಾಣುವಿನ ಪ್ರೋಟೀನನ್ನು ಗುರುತಿಸುವುದು ಮೊದಲ ಹಂತ. ಅದು ಯಾವ ಲಿಸ್ಸಾವೈರಸ್ ಎಂಬುದು ಪಿಸಿಆರ್ (ವೈರಾಣುವಿನ ಜೀನಿನ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ಪರೀಕ್ಷೆ) ಮತ್ತು ಜೀನ್ ಅನುಕ್ರಮದಿಂದ ತಿಳಿಯುತ್ತದೆ. ರಕ್ತದ ಸಮೀಕ್ಷೆಯೂ ಬೇಕು, ಅದನ್ನು ಅನುಮತಿ ಪಡೆದು, ಒಂದೇ ನೆಲೆಯಲ್ಲಿ ಬೇರೆ ಬೇರೆ ಋತುಗಳಲ್ಲಿ ಮಾಡಿದಾಗ ಬೆಲೆ ಹೆಚ್ಚು.

ಪ್ರಶ್ನೆ (ಅದೇ ರೈತರು): ಬೇಲಿಯ ಬಳಿ ಸತ್ತು ಬಿದ್ದಿದ್ದ ಬಾವಲಿಯನ್ನು ಕೂಲಿಯಾಳು ಬರಿಗೈಯಲ್ಲಿ ಎತ್ತಿ ಎಸೆದಿದ್ದಾನೆ. ಏನು ಮಾಡಬೇಕು?

ಉತ್ತರ: ಅವರನ್ನು ಇಂದೇ ವೈದ್ಯರ ಬಳಿಗೆ ಕಳುಹಿಸಿ, ಗೀರು ಕಾಣದಿದ್ದರೂ ಸರಿಯೇ, ಬಾವಲಿಯ ಹಲ್ಲಿನ ಗಾಯ ಕಣ್ಣಿಗೆ ಬೀಳದಷ್ಟು ಸಣ್ಣದಿರಬಹುದು. ಕಚ್ಚಿದ ಅಥವಾ ಪರಚಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಈಗಿರುವ ರೇಬಿಸ್ ಲಸಿಕೆ ರೇಬಿಸ್ ವೈರಾಣುವೂ ಗನ್ನೋರುವವೂ ಸೇರಿರುವ, ಪರಸ್ಪರ ಹತ್ತಿರದ ಸಂಬಂಧವಿರುವ ಒಂದನೆಯ ಗುಂಪಿನ ಲಿಸ್ಸಾವೈರಸ್‌ಗಳ ವಿರುದ್ಧ ರಕ್ಷಣೆ ಕೊಡುತ್ತದೆಂದು ಪರಿಗಣಿಸಲಾಗಿದೆ. ಬಾವಲಿಗಳನ್ನು ಹಿಡಿಯುವ ಸಂಶೋಧಕರು ಮೊದಲೇ ಲಸಿಕೆ ಪಡೆದಿರಲೇಬೇಕು: 2002ರಲ್ಲಿ ಸ್ಕಾಟ್ಲೆಂಡಿನಲ್ಲಿ ಬಾವಲಿ ಲಿಸ್ಸಾವೈರಸ್‌ನಿಂದ ತೀರಿಕೊಂಡವರು ಬಾವಲಿಗಳ ನಡುವೆಯೇ ಕೆಲಸ ಮಾಡುತ್ತಿದ್ದವರು, ಅವರು ಲಸಿಕೆ ಪಡೆದಿರಲಿಲ್ಲ.