ಫ್ಲೈಓವರ್ ಅಡಿಯಲ್ಲಿ ಪೊಲೀಸ್ ವಾಹನಗಳಿಗೆ ಪಾರ್ಕಿಂಗ್: ಪಂಪ್‌ವೆಲ್, ತೊಕ್ಕೊಟ್ಟು, ಕೊಟ್ಟಾರ ಚೌಕಿಯಲ್ಲಿ ಆಗುತ್ತದಾ?

ಕಂಕನಾಡಿ_ನಿವಾಸಿ
ಮಂಗಳೂರಿನ ಠಾಣೆಗಳ ಎದುರು ಬೊಲೆರೊ, ಎರ್ಟಿಗಾ, 112 ತುರ್ತು ಕರೆಯ ಗಾಡಿ ಎಲ್ಲ ರಸ್ತೆ ಬದಿಯಲ್ಲೇ ನಿಲ್ಲುತ್ತವೆ. ಫುಟ್‌ಪಾತ್ ಇದ್ದಲ್ಲಿ ಫುಟ್‌ಪಾತ್ ಮೇಲೆ. ನಡೆಯುವವರು ರಸ್ತೆಗೆ ಇಳಿಯಬೇಕು. ಎನ್‌ಎಚ್ 66ರ ಫ್ಲೈಓವರ್ ಅಡಿಯ ಜಾಗದಲ್ಲಿ ನೆರಳು ಉಂಟು, ಹೆದ್ದಾರಿ ಪಕ್ಕದಲ್ಲೇ ಉಂಟು. ಅಲ್ಲಿ ಪೊಲೀಸ್ ವಾಹನಗಳಿಗೆ ಪಾರ್ಕಿಂಗ್ ಮಾಡಿಕೊಟ್ಟರೆ ಹೇಗೆ? ಠಾಣೆ ಅಂಗಳದಲ್ಲಿ ತುಕ್ಕು ಹಿಡಿಯುವ ಜಪ್ತಿ ಗಾಡಿಗಳನ್ನೂ ಅಲ್ಲಿಗೇ ಹಾಕಬಹುದಲ್ಲ? ವಿಷಯ ಗೊತ್ತಿದ್ದವರು ಲೆಕ್ಕ ಸಮೇತ ಹೇಳಿ.

ಸಿವಿಲ್_ಕುಳೂರು
ಮೊದಲು ಜಾಗ ಎಷ್ಟು ಸಿಗುತ್ತದೆ ನೋಡುವ. ನಾವು ಫ್ಲೈಓವರ್ ಎನ್ನುವುದರಲ್ಲಿ ಎರಡೂ ತುದಿಯ ಏರುದಾರಿ ಮಣ್ಣು ತುಂಬಿದ ಗೋಡೆ. ಅದರ ಅಡಿ ಏನೂ ಇಲ್ಲ. ತೆರೆದ ಸ್ಪ್ಯಾನ್, ಅಂದರೆ ಎರಡು ಕಂಬಸಾಲುಗಳ ನಡುವಿನ ಜಾಗ, ನಡುವಲ್ಲಿ ಕೆಲವೇ, ಅದರಲ್ಲೂ ವೃತ್ತದ ಮೇಲೆ ಬರುವ ಸ್ಪ್ಯಾನ್ ಅಡ್ಡ ಹೋಗುವ ಟ್ರಾಫಿಕ್‌ಗೆ ಬೇಕು. ಉಳಿಯುವುದು ಒಂದೋ ಎರಡೋ.

ಲೆಕ್ಕಕ್ಕೆ ಒಂದು ಸ್ಪ್ಯಾನ್ ಕಂಬದಿಂದ ಕಂಬಕ್ಕೆ 25 ಮೀಟರ್, ಅಗಲ 24 ಮೀಟರ್ ಅಂತ ಇಟ್ಟುಕೊಳ್ಳಿ. ಕಂಬದ ಸುತ್ತ ತಲಾ ಒಂದೂವರೆ ಮೀಟರ್ ಬಿಡಲೇಬೇಕು, ಉಳಿದದ್ದು 22. ಮಾಮೂಲಿ ಕಾರಿನ ಜಾಗ 2.5 × 5 ಮೀಟರ್, ನಡುವೆ ಓಡಾಡುವ ದಾರಿ 6 ಮೀಟರ್. ಎದುರು ಬದುರು ಎರಡು ಸಾಲು ಹಾಕಿದರೆ ಅಗಲದಲ್ಲಿ 16 ಮೀಟರ್ ಹೋಯಿತು, ಸಾಲಿಗೆ 8, ಒಟ್ಟು 16 ಗಾಡಿ. ಒಂದು ಗಾಡಿಗೆ 2.5ರ ಬದಲು 2.7 ಮೀಟರ್ ಕೊಟ್ಟರೂ 8ಕ್ಕೆ 21.6 ಮೀಟರ್, 22ರ ಒಳಗೇ ಆಯಿತು. ಹಾಗಾಗಿ 2.7 ಕೊಡಿ. ಎರಡೂ ಬದಿಯ ಬಾಗಿಲು ಒಟ್ಟಿಗೆ ತೆರೆದು ನಾಲ್ಕು ಜನ ಓಡಿ ಹತ್ತುವ ಗಾಡಿ ಅದು.

ರಿಸರ್ವ್ ಪೊಲೀಸರ ಬಸ್ಸನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ತಿರುಗಲಿಕ್ಕೆ 6 ಮೀಟರ್ ದಾರಿ ಸಾಲುವುದಿಲ್ಲ.

ಬೀಟ್_ಗಾಡಿ
16 ಕಾಗದದಲ್ಲಿ ಮಾತ್ರ ಮಾರಾಯ್ರೆ. ಒಂದೇ ಬಾಗಿಲು ಇಟ್ಟರೆ, ಅಲ್ಲಿ ಒಂದು ಟೆಂಪೊ ಕೆಟ್ಟು ನಿಂತರೆ ಒಳಗಿನ ಗಾಡಿ ಎಲ್ಲ ಲಾಕ್. ಎರಡು ಕಡೆ ದಾರಿ ಬೇಕು. ಸರ್ವಿಸ್ ರೋಡಿಗೆ ಎರಡನೇ ದಾರಿ ತೆಗೆದರೆ ಎರಡು ಗಾಡಿಯ ಜಾಗ ಹೋಯಿತು, 14 ಉಳಿಯಿತು.

ಗಾಡಿಯನ್ನು ರಿವರ್ಸ್ ಹಾಕಿಯೇ ನಿಲ್ಲಿಸಬೇಕು, ಮೂತಿ ದಾರಿಯ ಕಡೆ ಇರಬೇಕು. ಹಿಂದಿನ ಚಕ್ರಕ್ಕೆ 10 ಸೆಂಟಿಮೀಟರ್ ಎತ್ತರದ ತಡೆ ಹಾಕಿ, ಇಲ್ಲದಿದ್ದರೆ ರಾತ್ರಿ ಪಾಳಿಯಲ್ಲಿ ಹಿಂದಿನ ಬಂಪರ್ ಹೋಗುವುದು ಗ್ಯಾರಂಟಿ.

ಇನ್ನೊಂದು, ಪಂಪ್‌ವೆಲ್‌ನಲ್ಲಿ ಸಂಜೆ ಪಡೀಲ್ ಕಡೆಯಿಂದ ಬರುವ ಸಾಲು ವೃತ್ತದಲ್ಲಿ ಕಟ್ಟಿಕೊಳ್ಳುತ್ತದೆ. ಪಾರ್ಕಿಂಗ್ ಬಾಯಿ ಆ ಸಾಲಿಗೇ ತೆರೆದರೆ ತುರ್ತು ಕರೆ ಬಂದಾಗ ಗಾಡಿ ಹೊರಗೆ ಬರುವುದಾದರೂ ಹೇಗೆ? ಬಾಯಿಯ ಮುಂದೆ ಹಳದಿ ಚೌಕ ಬಳಿದು ಅಲ್ಲಿ ಯಾರೂ ನಿಲ್ಲದ ಹಾಗೆ ಮಾಡಬೇಕು. ಬಳಿದರೆ ಸಾಲದು, ಮೊದಲ ಒಂದೆರಡು ತಿಂಗಳು ಅಲ್ಲಿ ಜನ ನಿಲ್ಲಿಸಬೇಕು.

ತೋಡಿನ_ಬದಿ
ನೀರಿನ ವಿಷಯ ಯಾರೂ ಎತ್ತಲಿಲ್ಲ. ಪಂಪ್‌ವೆಲ್ ಫ್ಲೈಓವರ್ ತೆರೆದದ್ದು 2020ರ ಜನವರಿ ಕೊನೆಗೆ. ಜೋರು ಮಳೆಗೆ ಅದರ ಅಡಿ ನೀರು ನಿಂತದ್ದನ್ನು ಊರೆಲ್ಲ ಕಂಡಿದೆ. ಕೊಟ್ಟಾರ ಚೌಕಿಯದ್ದೂ ಅದೇ ಕಥೆ, ರಾಜಕಾಲುವೆ ತುಂಬಿದರೆ ನೀರು ರಸ್ತೆಗೇ ಬರುತ್ತದೆ. ಮೇಲೆ ಸ್ಲ್ಯಾಬ್ ಇದ್ದ ಮಾತ್ರಕ್ಕೆ ಕೆಳಗೆ ಒಣಗಿರುತ್ತದೆ ಅಂತ ಲೆಕ್ಕ ಹಾಕಬೇಡಿ.

ಸಿವಿಲ್‌ನವರ ಸ್ಪ್ಯಾನನ್ನೇ ತೆಗೆದುಕೊಳ್ಳುವ. 24 × 25 ಮೀಟರ್ ಡೆಕ್ (ಮೇಲಿನ ರಸ್ತೆಯ ಹಾಸು) ಅಂದರೆ 600 ಚದರ ಮೀಟರ್. ಗಂಟೆಗೆ 100 ಮಿಲಿಮೀಟರ್ ಹೊಯ್ಯುವ ಮಳೆಗೆ ಅಷ್ಟರಿಂದಲೇ ಗಂಟೆಗೆ 60 ಸಾವಿರ ಲೀಟರ್, ಸೆಕೆಂಡಿಗೆ ಸುಮಾರು 17 ಲೀಟರ್. ಒಂದು 150 ಮಿಲಿಮೀಟರ್ ಪೈಪು 1ಕ್ಕೆ 100ರ ಇಳಿಜಾರಿನಲ್ಲಿ ತುಂಬಿ ಹರಿದರೆ ಸುಮಾರು 18 ಲೀಟರ್ ಸಾಗಿಸುತ್ತದೆ. ಎಲೆ, ಪ್ಲಾಸ್ಟಿಕ್, ಟಯರಿನ ಮಣ್ಣು ಸೇರಿ ಅರ್ಧ ಕಟ್ಟಿದರೆ ಮುಗಿಯಿತು. ಡೆಕ್ಕಿನಿಂದ ಇಳಿಯುವ ಪೈಪನ್ನು ನೆಲದಿಂದ ಎರಡಡಿ ಮೇಲೆ ಗಾಳಿಯಲ್ಲೇ ಬಿಟ್ಟಿದ್ದರೆ ಆ ನೀರೆಲ್ಲ ಪಾರ್ಕಿಂಗ್ ನೆಲಕ್ಕೆ. ಪ್ರತಿ ಸ್ಪ್ಯಾನಿಗೆ ಕನಿಷ್ಠ ಎರಡು ಪೈಪು, ಬುಡದಲ್ಲಿ ಜಾಲರಿ ಇರುವ ಗುಂಡಿ, ಅಲ್ಲಿಂದ ಮುಚ್ಚಿದ ಚರಂಡಿಯಲ್ಲಿ ತೋಡಿಗೆ. ಮೇ ತಿಂಗಳಲ್ಲಿ ಒಮ್ಮೆ ಗುಂಡಿ ಬಿಡಿಸಿದರೆ ಸಾಲದು, ಜೂನ್‌ನ ಮೊದಲ ಮಳೆಗೆ ಬರುವ ಕಸವೇ ಹೆಚ್ಚು. ಆಗ ಇನ್ನೊಮ್ಮೆ ತೆಗೆಯಬೇಕು.

ಎರಡನೆಯದು ಜಾಯಿಂಟಿನ ಸೋರಿಕೆ. ಎರಡು ಸ್ಲ್ಯಾಬ್ ಕೂಡುವಲ್ಲಿ ರಬ್ಬರ್ ಹರಿದರೆ ನೀರು ಕಾಂಕ್ರೀಟಿನ ಮೈಮೇಲೆ ಇಳಿಯುತ್ತಾ ಸುಣ್ಣ ಹಿಡಿದು ತೊಟ್ಟಿಕ್ಕುತ್ತದೆ. ಕಂಬದ ತಲೆಯಲ್ಲಿ ಬಿಳಿ ಗೆರೆ ಕಾಣುವುದು ಅದೇ. ಆ ಹನಿ ಬಾನೆಟ್ ಮೇಲೆ ಬಿದ್ದು ಒಣಗಿದರೆ ಬೆಳ್ಳಗಿನ ಉಂಗುರ ಕೂರುತ್ತದೆ, ಉಜ್ಜಿದರೂ ಹೋಗುವುದಿಲ್ಲ, ಪೇಂಟನ್ನೇ ತಿಂದಿರುತ್ತದೆ. ಅದೇ ದಿನ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ ತೊಳೆದರೆ ಉಳಿಯಬಹುದು. ಜಾಯಿಂಟಿನ ನೇರ ಕೆಳಗೆ ಗಾಡಿ ಬೇಡವೇ ಬೇಡ.

ಕಂಕನಾಡಿ_ನಿವಾಸಿ
ನೆಲವನ್ನೇ ಒಂದಡಿ ಎತ್ತರಿಸಿದರೆ?

ಸಿವಿಲ್_ಕುಳೂರು
5.5 ಮೀಟರ್ ಎತ್ತರ ಇದ್ದಲ್ಲಿ 30 ಸೆಂಟಿಮೀಟರ್ ಹೋದರೂ 5.2 ಉಳಿಯುತ್ತದೆ, ಗಾಡಿಗೆ ಏನೂ ತೊಂದರೆ ಇಲ್ಲ. ಆದರೆ 1ಕ್ಕೆ 10ರ ಇಳಿಜಾರು ಕೊಡಲಿಕ್ಕೆ ಪ್ರತಿ ಬಾಯಿಯಲ್ಲಿ 3 ಮೀಟರ್ ಬೇಕು. ಮತ್ತೆ ಅಲ್ಲಿ ನಿಲ್ಲುತ್ತಿದ್ದ ನೀರು ಎಲ್ಲಿಗೆ ಹೋಗುತ್ತದೆ? ಸರ್ವಿಸ್ ರೋಡಿಗೆ, ಅಂಗಡಿಗಳಿಗೆ. ಪೊಲೀಸ್ ಗಾಡಿ ಒಣಗಿಸಿ ಜನರ ಮನೆಗೆ ನೀರು ನುಗ್ಗಿಸುವುದು ಸರಿಯಲ್ಲ. ನಾನಾದರೆ 10 ಸೆಂಟಿಮೀಟರ್‌ಗಿಂತ ಹೆಚ್ಚು ಎತ್ತರಿಸುವುದಿಲ್ಲ, ಹಣ ಇದ್ದರೆ ಚರಂಡಿಗೇ ಹಾಕುತ್ತೇನೆ.

ನೆಲಕ್ಕೆ ಕಾಂಕ್ರೀಟ್ ಬೇಡ, ಇಂಟರ್‌ಲಾಕ್ ಹಾಕಿ. 80 ಮಿಲಿಮೀಟರ್ ದಪ್ಪದ್ದು, ಅಡಿಗೆ 30 ಮಿಲಿಮೀಟರ್ ಮರಳು, ಅದರ ಕೆಳಗೆ ಗಟ್ಟಿ ಮಾಡಿದ ಜಲ್ಲಿ 200 ಮಿಲಿಮೀಟರ್. ನಾಳೆ ಕೇಬಲೋ ನೀರಿನ ಪೈಪೋ ಹಾಕುವಾಗ ಬಿಡಿಸಿ ಪುನಃ ಕೂರಿಸಬಹುದು. 60ರ ಕಲ್ಲು ಮನೆ ಅಂಗಳದ್ದು, ದಿನಾ ಗಾಡಿ ತಿರುಗಿಸುವಲ್ಲಿ ಒಂದೇ ಮಳೆಗಾಲಕ್ಕೆ ಕದಲುತ್ತದೆ. ಸುತ್ತ ಅಂಚಿನ ಕಲ್ಲನ್ನು ಕಾಂಕ್ರೀಟಿನಲ್ಲಿ ಹಿಡಿಸದಿದ್ದರೆ ಯಾವ ದಪ್ಪ ಹಾಕಿದರೂ ಹರಡಿ ಹೋಗುತ್ತದೆ. ಕಂಬದ ಬುಡದಲ್ಲಿ ಜೆಸಿಬಿ ಇಳಿಸಬೇಡಿ, ಪೈಲ್ ಕ್ಯಾಪ್ (ಕಂಬ ಹೊರುವ ಅಡಿಪಾಯದ ಕಾಂಕ್ರೀಟು) ಅಲ್ಲೇ ಕೆಳಗೆ ಇರುತ್ತದೆ.

ಲೈಟು, ಕ್ಯಾಮೆರಾ ಹಾಕುವವರಿಗೂ ಒಂದು ಮಾತು. ಗರ್ಡರಿಗೆ, ಅಂದರೆ ಡೆಕ್ ಹೊರುವ ತೊಲೆಗೆ, ಡ್ರಿಲ್ ಹಾಕಬಾರದು. ಒಳಗೆ ಎಳೆದು ಬಿಗಿದ ಕೇಬಲ್ ಇರುತ್ತದೆ, ಒಂದು ತೂತು ಅದಕ್ಕೆ ತಾಗಿದರೆ ಸೇತುವೆಗೇ ಪೆಟ್ಟು. ಕಂಬದ ಸುತ್ತ ಸ್ಟೀಲ್ ಪಟ್ಟಿ ಬಿಗಿದು ಅದಕ್ಕೆ ಕೂರಿಸಿ, ಇಲ್ಲವೇ ನೆಲದಲ್ಲಿ ಬೇರೆ ಕಂಬ ನಿಲ್ಲಿಸಿ.

ಅಗ್ನಿ_ಎಚ್ಚರ
ಮೂಲ ಪ್ರಶ್ನೆಯಲ್ಲಿ ಜಪ್ತಿ ಗಾಡಿ ಅಂತ ಉಂಟಲ್ಲ, ಅದಕ್ಕೆ ನನ್ನ ಪೂರ್ತಿ ವಿರೋಧ. ಓಡುವ ಗಾಡಿ ದಿನಾ ಬಂದು ಹೋಗುತ್ತದೆ, ಸೋರಿದರೆ ಗೊತ್ತಾಗುತ್ತದೆ. ಜಪ್ತಿ ಗಾಡಿ ವರ್ಷಗಟ್ಟಲೆ ಒತ್ತೊತ್ತಾಗಿ ನಿಲ್ಲುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್, ಸೀಟಿನಲ್ಲಿ ಫೋಮ್, ಅಡಿಯಲ್ಲಿ ಒಣ ಹುಲ್ಲು ಕಸ. ಒಂದಕ್ಕೆ ಹತ್ತಿದರೆ ಸಾಲಿಡೀ ಹೋಗುತ್ತದೆ.

ಅಮೆರಿಕದ ಅಟ್ಲಾಂಟದಲ್ಲಿ 2017ರ ಮಾರ್ಚ್ 30ರಂದು ಐ-85 ಹೆದ್ದಾರಿಯ ಅಡಿ ಇಟ್ಟಿದ್ದ ಪ್ಲಾಸ್ಟಿಕ್ ಪೈಪಿಗೆ ಬೆಂಕಿ ಬಿದ್ದು ಸೇತುವೆಯ ಒಂದು ಭಾಗವೇ ಕುಸಿಯಿತು, ರಸ್ತೆ ಸುಮಾರು ಆರು ವಾರ ಬಂದ್. 2023ರ ನವೆಂಬರ್ 11ರಂದು ಲಾಸ್ ಏಂಜಲಿಸ್‌ನಲ್ಲಿ ಐ-10ರ ಅಡಿ ಬಾಡಿಗೆಗೆ ಕೊಟ್ಟಿದ್ದ ಜಾಗದಲ್ಲಿ ಮರದ ಪ್ಯಾಲೆಟ್ ಮತ್ತಿತರ ಸಾಮಾನು ಉರಿದು ಒಂದು ವಾರಕ್ಕೂ ಹೆಚ್ಚು ಹೆದ್ದಾರಿ ಮುಚ್ಚಬೇಕಾಯಿತು. ಎರಡರಲ್ಲೂ ಉರಿದದ್ದು ಅಡಿಯಲ್ಲಿ ಕೂಡಿಟ್ಟ ಸರಕು.

ಗರ್ಡರಿನ ಒಳಗಿನ ಆ ಕೇಬಲ್ 400 ಡಿಗ್ರಿ ಆಸುಪಾಸಿನಲ್ಲಿ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಕಾಂಕ್ರೀಟು 300 ದಾಟಿದರೆ ತಿಳಿ ಗುಲಾಬಿಗೆ ತಿರುಗುತ್ತದೆ, ಸುತ್ತಿಗೆಯಲ್ಲಿ ಬಡಿದರೆ ಟೊಳ್ಳು ಶಬ್ದ ಬರುತ್ತದೆ. ಹಾಗಾಗಿ ಓಡುವ ಗಾಡಿಗೂ ಶಿಸ್ತು ಬೇಕು: ನಾಲ್ಕು ಗಾಡಿಗೊಂದು ಖಾಲಿ ಜಾಗ, ಡೀಸೆಲ್ ಕ್ಯಾನ್ ಹಳೇ ಟಯರ್ ಇಡುವಂತಿಲ್ಲ, ಬೆಂಕಿ ಆರಿಸುವ 6 ಕಿಲೋದ ಎಬಿಸಿ ಪುಡಿಯ ಸಿಲಿಂಡರು ಎರಡೂ ಬಾಯಿಯಲ್ಲಿ. ಅದನ್ನು ಒಳಗಿನ ಗೋಡೆಯಲ್ಲಿ ನೇತು ಹಾಕಿದರೆ ಬೆಂಕಿ ಬಿದ್ದಾಗ ಕೈಗೆ ಸಿಗುವುದಿಲ್ಲ.

ಬೀಟ್_ಗಾಡಿ
ಶಿಸ್ತು ಒಪ್ಪಿದೆ. ಆದರೆ ಖಾಲಿ ಜಾಗದ ಲೆಕ್ಕದಲ್ಲಿ 14 ಇದ್ದದ್ದು 11ಕ್ಕೋ 12ಕ್ಕೋ ಇಳಿಯಿತು. ಮತ್ತೆ ಜಪ್ತಿ ಗಾಡಿ ಎಲ್ಲಿಗೆ? ಠಾಣೆಗಳ ನಿಜವಾದ ಕಷ್ಟ ಅದೇ. ಅಂಗಳದಲ್ಲಿ ಅದು ತುಂಬಿದ್ದರಿಂದಲೇ ಇಲಾಖೆಯ ಗಾಡಿ ರಸ್ತೆಯಲ್ಲಿ ನಿಂತಿದೆ.

ಕೋರ್ಟ್_ಗುಡ್ಡೆ
ಅದಕ್ಕೆ ಪಾರ್ಕಿಂಗ್ ಕಟ್ಟುವುದು ಮದ್ದಲ್ಲ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ: ಜಪ್ತಿ ವಾಹನವನ್ನು ಠಾಣೆಯಲ್ಲಿ ದೀರ್ಘ ಕಾಲ ಇಟ್ಟುಕೊಳ್ಳಬಾರದು, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಬಿಡಬೇಕು. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಇದಕ್ಕೆ ದಿನವನ್ನೇ ಗೊತ್ತು ಮಾಡಿದೆ. ವಸ್ತು ಹಾಜರುಪಡಿಸಿದ 14 ದಿನದೊಳಗೆ ನ್ಯಾಯಾಲಯ ವಿವರಪಟ್ಟಿ ಮಾಡಬೇಕು, ಆ ಪಟ್ಟಿ ಮತ್ತು ಫೋಟೊ ಆದ 30 ದಿನದೊಳಗೆ ವಿಲೇವಾರಿಯ ಆದೇಶ ಆಗಬೇಕು. ಠಾಣೆಯಲ್ಲಿ ಒಬ್ಬರಿಗೆ ಇದೇ ಕೆಲಸ ಒಪ್ಪಿಸಿ ತಿಂಗಳಿಗೊಮ್ಮೆ ಪಟ್ಟಿ ಕೋರ್ಟಿಗೆ ಕೊಟ್ಟರೆ ಅಂಗಳವೇ ಖಾಲಿಯಾಗುತ್ತದೆ.

ಜಾಗದ ಹಕ್ಕಿನ ಬಗ್ಗೆ: ಫ್ಲೈಓವರ್ ಅಡಿಯ ನೆಲ ಪಾಲಿಕೆಯದ್ದಲ್ಲ, ರಾಷ್ಟ್ರೀಯ ಹೆದ್ದಾರಿಯದ್ದು. 2002ರ ಹೆದ್ದಾರಿ ನಿಯಂತ್ರಣ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅಲ್ಲಿ ಯಾರೂ ಕೂರುವ ಹಾಗಿಲ್ಲ, ಪೊಲೀಸರೂ. ತಾತ್ಕಾಲಿಕ ಬಳಕೆಗೆ ಪರವಾನಗಿ ಕೊಡಲಿಕ್ಕೆ ಅವಕಾಶ ಉಂಟು. ತಾತ್ಕಾಲಿಕ ಅಂದ ಮೇಲೆ ಗೋಡೆ, ಕೋಣೆ, ಶೌಚಾಲಯ ಕಟ್ಟುವ ಯೋಜನೆ ಬೇಡ.

ತೋಡಿನ_ಬದಿ
ಪರವಾನಗಿಯಲ್ಲೇ ಬರೆಸಬೇಕಾದ ಷರತ್ತು ಒಂದುಂಟು. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಬೇರಿಂಗ್ (ಗರ್ಡರ್ ಕೂರುವ ಮೆತ್ತೆ), ಜಾಯಿಂಟ್ ನೋಡಲಿಕ್ಕೆ ಎಂಜಿನಿಯರ್ ಬಂದಾಗ ಇಡೀ ಸ್ಪ್ಯಾನ್ ಖಾಲಿ ಮಾಡಿಕೊಡಬೇಕು. ಗಾಡಿ ನಿಂತಿದೆ ಅಂತ ತಪಾಸಣೆ ಮುಂದೆ ಹೋದರೆ ಸೋರುವ ಜಾಯಿಂಟ್ ಸೋರುತ್ತಲೇ ಇರುತ್ತದೆ.

ಉಳ್ಳಾಲ_ಬಸ್ಸು
ತೊಕ್ಕೊಟ್ಟಿನ ಬಗ್ಗೆ ಹೇಳುವುದಾದರೆ ಫ್ಲೈಓವರ್ ಅಡಿ ಜನ ಅಡ್ಡ ದಾಟುವ ಜಾಗ ಕೂಡ. ಬಸ್ಸಿಳಿದವರು ಆಚೆ ಬದಿಗೆ ಹೋಗಲಿಕ್ಕೆ ಬೇರೆ ದಾರಿ ಇಲ್ಲ. ಬೇಲಿ ಹಾಕಿ ಮುಚ್ಚಿದರೆ ಹೆಂಗಸರು, ಮಕ್ಕಳು ಸರ್ವಿಸ್ ರೋಡಿನ ಉದ್ದಕ್ಕೆ ನಡೆಯಬೇಕು. ಎರಡು ಮೀಟರ್ ಅಗಲದ ನಡೆದಾರಿ, ಅದಕ್ಕೆ ಬೇರೆ ಲೈಟು, ಇದನ್ನು ಮೊದಲು ಗೆರೆ ಎಳೆದು ಉಳಿದದ್ದನ್ನು ಮಾತ್ರ ಪಾರ್ಕಿಂಗಿಗೆ ಕೊಡಿ. ಫುಟ್‌ಪಾತ್ ಬಿಡಿಸಲಿಕ್ಕೆ ಶುರುವಾದ ಚರ್ಚೆ ಅಲ್ಲವಾ ಇದು.

ಕಂಕನಾಡಿ_ನಿವಾಸಿ
ಸರಿ. ಜಪ್ತಿ ಗಾಡಿಯನ್ನು ಪ್ರಸ್ತಾಪದಿಂದ ತೆಗೆಯುತ್ತೇನೆ, ನಡೆದಾರಿ ಸೇರಿಸುತ್ತೇನೆ. ಮನವಿ ಬರೆಯುವ ಮೊದಲು ಮೂರೂ ಕಡೆ ಟೇಪ್ ಹಿಡಿದು ಅಳೆಯುವ ಅಂತ. ಎಂತೆಲ್ಲ ನೋಡಬೇಕು?

ಸಿವಿಲ್_ಕುಳೂರು
ಕಂಬದ ಮೈಯಿಂದ ಅಳೆಯಬೇಡಿ, ಅದರ ಸುತ್ತಲಿನ ಕಾಂಕ್ರೀಟ್ ತಡೆಯ ಹೊರಮೈಯಿಂದ ಅಳೆಯಿರಿ. ಎತ್ತರವನ್ನು ಗರ್ಡರಿನ ಅತಿ ತಗ್ಗಿನ ಜಾಗದಲ್ಲಿ ತೆಗೆಯಿರಿ. ಡೆಕ್ ಪೈಪು ಎಷ್ಟು, ಎಲ್ಲಿ ಕೊನೆಯಾಗುತ್ತದೆ ಅಂತ ಫೋಟೊ.

ತೋಡಿನ_ಬದಿ
ಮಳೆ ನೀರಿನ ಕಲೆಯನ್ನೂ ನೋಡಿ. ಕಂಬದ ಬುಡದಲ್ಲಿ ಕೆಂಪು ಮಣ್ಣಿನ ಗೆರೆ ಇದ್ದರೆ ನೆಲದಿಂದ ಅದರ ಎತ್ತರ ಬರೆದುಕೊಳ್ಳಿ. 15 ಸೆಂಟಿಮೀಟರ್‌ಗಿಂತ ಮೇಲಿದ್ದರೆ ಆ ಸ್ಪ್ಯಾನ್ ಬಿಟ್ಟು ಬೇರೆಯದ್ದು ಹುಡುಕಿ.